ಏರು ಹತ್ತದ ಕಾರು

"ಅಜ್ಜಾರೇ, ಇನ್ನೇನು ಕೊಡಲಿ ಅವಳಿಗೆ?" ಎಂದು ನಿಂಬೆವ್ವ ಕೇಳಿದಳು.

ಮಠದ ಜಗಲಿಯಲ್ಲಿ ಸ್ವಾಮಿಗಳೆದುರು ಕೂತು ಅವಳು ಇದನ್ನು ಕೇಳುತ್ತಿರುವುದು ಮೂರನೆಯ ಸಲ. ಗಂಡ ತೀರಿಕೊಂಡ ಮೇಲೆ ಇದ್ದೊಬ್ಬ ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದಳು. ಕೇಳುವ ಮೊದಲೇ ತಟ್ಟೆ, ಕೇಳುವ ಮೊದಲೇ ಬಟ್ಟೆ. ಆ ಹತ್ತೊಂಬತ್ತರ ಹುಡುಗಿ ಈಗ ಅನ್ನ ಬಿಟ್ಟು, ಮಾತು ಬಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಮಾಡಿ ಮಾಡಿ ನಿಂಬೆವ್ವನಿಗೂ ಸಾಕಾಗಿ ಹೋಗಿತ್ತು. ಮಗಳು ಉಳಿಯುತ್ತಾಳೋ ಇಲ್ಲವೋ ಎಂಬ ಭಯ ಬೇರೆ.

ಅಜ್ಜಾರೂ ದಣಿದಿದ್ದರು. ಬೆಳಗಿನಿಂದ ಊರಿನ ಗೋಳೆಲ್ಲ ಕೇಳಿದ್ದಾಗಿತ್ತು. "ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ" ಎಂದು ಶುರುಮಾಡಿದರು.

ಒಬ್ಬ ಡ್ರೈವರ್ ಇದ್ದ. ಅವನದೊಂದು ಹಳೆಯ ಬಾಡಿಗೆ ಕಾರು. ಅದೇ ಅವನ ಅನ್ನ. ಗಣಿಯ ದಾರಿಯ ಕೆಂಪು ಧೂಳು ಒಳಗೆ ಹೋದೀತೆಂದು ಹೆದರಿ, ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೆ ತನ್ನ ಪಂಚೆಯ ತುಂಡನ್ನು ಎರಡು ಪದರ ಮಾಡಿ ಬಿಗಿದು ಕಟ್ಟಿದ. ಸ್ವಲ್ಪ ದಿನಕ್ಕೆ ಕಾರು ಏರು ಹತ್ತದಾಯಿತು. ಪಾಪ, ಹೊಟ್ಟೆಗೆ ಸಾಲದೇನೋ ಎಂದು ತಿರುಪು ತಿರುಗಿಸಿ ಪೆಟ್ರೋಲ್ ಹೆಚ್ಚು ಬಿಟ್ಟ. ಅದು ಕಪ್ಪು ಹೊಗೆ ಕಾರಿತು. ಇನ್ನಷ್ಟು ಬಿಟ್ಟ. ಒಂದು ದಿನ ಏರಿನ ನಡುವೆಯೇ ಕೆಮ್ಮಿ ನಿಂತಿತು. ಹಾಳಾಗಿ ಹೋಗಲಿ, ಗುಜರಿಗೆ ಹಾಕುತ್ತೇನೆ ಎಂದುಕೊಂಡರೂ ಮನಸ್ಸು ತಡೆಯದೆ ಕಾರು ರಿಪೇರಿಯ ಒಬ್ಬ ಮುದುಕ ಮೇಸ್ತ್ರಿಯ ಹತ್ತಿರ ಎಳೆಸಿಕೊಂಡು ಹೋದ.

ಮೇಸ್ತ್ರಿ ಪೆಟ್ರೋಲಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಒಂದನ್ನು ಬಿಚ್ಚಿ ಬಿಸಿಲಿಗೆ ಹಿಡಿದ. ನೆಟ್ಟಗಿರುವ ಇಂಜಿನ್ನಿನಲ್ಲಿ ಅದರ ತುದಿ ಚಹಾದ ಬಣ್ಣಕ್ಕಿರುತ್ತದೆ. ಇದು ಸೌದೆ ಒಲೆಯ ಪಾತ್ರೆಯ ತಳದ ಹಾಗೆ ಮಸಿ ಹಿಡಿದಿತ್ತು.

"ಇದು ಹಸಿದಿಲ್ಲಪ್ಪ. ಪೆಟ್ರೋಲ್ ಜಾಸ್ತಿಯಾಗಿದೆ" ಎಂದ ಮೇಸ್ತ್ರಿ.

"ಅಷ್ಟು ಕೊಟ್ಟರೂ ಎಳೆಯುತ್ತಿಲ್ಲವಲ್ಲ!" ಎಂದ ಡ್ರೈವರ್. ಅವನಿಗೆ ಅಳು ಬಂದಿತ್ತು.

ಮೇಸ್ತ್ರಿ ಹುಡುಕಿ ಹುಡುಕಿ ಆ ಪಂಚೆಯ ತುಂಡನ್ನು ಕಂಡ. "ಉಸಿರೇ ಕಟ್ಟಿದೆಯಲ್ಲಪ್ಪ, ಗಾಳಿಯಿಲ್ಲದೆ ಪೆಟ್ರೋಲ್ ಉರಿಯುವುದು ಹೇಗೆ?" ಎಂದು ಬಿಚ್ಚಿ ಎಸೆದ. ಪ್ಲಗ್ ಒರೆಸಿ ಹಾಕಿದ, ತಿರುಪನ್ನು ಹಿಂದಕ್ಕೆ ತಿರುಗಿಸಿದ. ಅವತ್ತೇ ಕಾರು ಏರು ಹತ್ತಿತು.

ಅಜ್ಜಾರು ಕತೆ ನಿಲ್ಲಿಸಿ ದಣಿದ ಕಣ್ಣು ಉಜ್ಜಿಕೊಂಡರು. ನಿಂಬೆವ್ವನಿಗೆ ಆ ಡ್ರೈವರನ ಮೇಲೆ ಕನಿಕರ ಉಕ್ಕಿತು.

"ಅಯ್ಯೋ, ಅವನು ಕಟ್ಟಿದ್ದು ಒಳ್ಳೆಯದಕ್ಕೇ ಅಲ್ಲವೇ, ಅಜ್ಜಾರೇ?"

"ಒಳ್ಳೆಯದಕ್ಕೇ ತಾಯಿ. ನಿನ್ನ ಮಗಳು ಒಬ್ಬಳೇ ಹೊಸ್ತಿಲು ದಾಟಿ ಎಷ್ಟು ವರ್ಷವಾಯಿತು?"