ನೆಲಕ್ಕಿಟ್ಟ ಎಡೆ

ದೇಶ ಸುತ್ತು, ಕೋಶ ಓದು ಅಂತಾರೆ. ಮುರಿಗೆಪ್ಪ ಕೋಶ ಓದಿ ಮುಗಿಸಿದ್ದ. ಅದಕ್ಕೇ ಮಠದ ಸ್ವಾಮಿಗಳಾದ ಅಜ್ಜಯ್ಯ ಅವನನ್ನು ದೇಶ ಸುತ್ತೋಕೆ ಕರೆದುಕೊಂಡು ಹೊರಟರು.

ದೇಶ ಅಂದರೆ ಪಕ್ಕದ ತಾಲ್ಲೂಕಲ್ಲ, ಸಮುದ್ರದಾಚೆಯ ಬಾಲಿ ದ್ವೀಪ. ಹೆಜ್ಜೆಗೊಂದು ಗುಡಿ. ಗುಡಿ ದಾಟಿದರೆ ಕಡಲು. ಓಣಿಗೆ ಬಂದರೆ ಮರ ಕೆತ್ತುವವರು, ಗರಿ ಹೆಣೆಯುವವರು. ಮಠದ ಭಕ್ತ ಕೊಟ್ರೇಶ ಹತ್ತು ವರ್ಷದಿಂದ ಅಲ್ಲೇ ಇದ್ದ. ‘ಅಜ್ಜಯ್ಯಾ, ಒಂದ್ಸಲ ಪಾದ ಬೆಳೆಸಿ’ ಅಂತ ಗಂಟುಬಿದ್ದು ಕರೆಸಿಕೊಂಡವನೂ ಅವನೇ. ಇಬ್ಬರನ್ನೂ ಸುಕರ್ತಿ ಅನ್ನೋ ಮುದುಕಿಯ ಮನೆಯಲ್ಲಿ ಇಳಿಸಿದ್ದ.

ಮುರಿಗೆಪ್ಪ ಮಠದ ದಾಸೋಹ ನೋಡಿಕೊಳ್ಳುವವನು. ದಿನಾ ಮುನ್ನೂರು ಎಲೆ ಬಡಿಸಿ, ಕೊನೆಗೆ ತಾನು ಉಣ್ಣುವವನು. ಒಳ್ಳೆಯವನೇ, ಆದರೆ ಶಿಸ್ತು ಒಂದು ಹಿಡಿ ಜಾಸ್ತಿ.

ಹೊರಡೋಕೆ ಹದಿನೈದು ದಿನ ಮುಂಚೆ ಅವನ ಒಡಹುಟ್ಟಿದ ಅಣ್ಣ ಹಾಲಪ್ಪ ಕುಡಿದು ಬಂದು ಪಂಕ್ತಿಯಲ್ಲಿ ಕೂತಿದ್ದ. ಮುರಿಗೆಪ್ಪ ಅವನ ಮುಂದಿದ್ದ ಎಲೆ ಎಳೆದು, ರಟ್ಟೆ ಹಿಡಿದು, ಎಲ್ಲರೆದುರೇ ಆಚೆ ದಬ್ಬಿದ. ಊರಿಗೆ ಉಪಕಾರಿ, ಮನೆಗೆ ಮಾರಿ! ಹಾಲಪ್ಪ ಹೊರಟು ಹೋದ. ಆಮೇಲೆ ಮಠದ ಮುಂಬಾಗಿಲಿಗೆ ಸುಳಿಯಲಿಲ್ಲ.

ಅಜ್ಜಯ್ಯ ಸರಿ ಅನ್ನಲಿಲ್ಲ, ತಪ್ಪೂ ಅನ್ನಲಿಲ್ಲ. ಅದೇ ಮುರಿಗೆಪ್ಪನಿಗೆ ಕಾಲಲ್ಲಿ ಮುರಿದ ಮುಳ್ಳಾಗಿತ್ತು. ಆ ಮುಳ್ಳು ಹೊತ್ತುಕೊಂಡೇ ಅವನು ಸಮುದ್ರ ದಾಟಿದ್ದ.

ಬಂದಿಳಿದ ಮರುದಿನ ಬೆಳಗ್ಗೆ ಸ್ನಾನ ಮುಗಿಸಿ ಓಣಿಗೆ ಬಂದವನು ಹೌಹಾರಿದ.

ಪ್ರತಿ ಮನೆಯ ಹೊಸ್ತಿಲ ಮುಂದೆ, ಬರೀ ನೆಲದ ಮೇಲೆ, ತೆಂಗಿನ ಗರಿಯ ಪುಟ್ಟ ತಟ್ಟೆ. ಅದರಲ್ಲಿ ಹೂವು, ಚಿಟಿಕೆ ಅನ್ನ, ಉಪ್ಪು, ಒಂದು ಚೂರು ಶುಂಠಿ. ಪಕ್ಕದಲ್ಲಿ ಹೊಗೆಯಾಡುವ ಊದುಬತ್ತಿ. ಜನ ಓಡಾಡುವ ದಾರಿ ಅದು!

‘ಶಿವಶಿವಾ, ದೇವರ ಹೂವು ಕಾಲಿಗೆ ಸಿಗೋ ಹಾಗಿಡ್ತಾರಾ?’

ಅವನಿಗೆ ತಡೆಯಲಾಗಲಿಲ್ಲ. ಏಳು ಮನೆಯ ತಟ್ಟೆಗಳನ್ನೂ ಎತ್ತಿ, ಕಣ್ಣಿಗೊತ್ತಿಕೊಂಡು, ಸುಕರ್ತಿಯ ಅಂಗಳದ ಎತ್ತರದ ಗುಡಿಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದ. ಮಠದಲ್ಲಿ ಹೀಗೆ ಮಾಡಿದ್ದರೆ ನಾಲ್ಕು ಜನ ಶಹಬ್ಬಾಸ್ ಅನ್ನುತ್ತಿದ್ದರು.

ಸುಕರ್ತಿ ಹೊರಗೆ ಬಂದವಳೇ ಕಟ್ಟೆ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಒಂದೇ ಸಮನೆ ಮಾತು. ಕೊಟ್ರೇಶ ಓಡಿಬಂದ.

‘ಏನಂತಾಳೋ?’ ಅಂದರು ಅಜ್ಜಯ್ಯ.

‘ಮೇಲಿನ ದೇವರಿಗೆ ಬೇರೆ ಎಡೆ ಇಟ್ಟಾಗಿದೆ ಅಂತೆ ಅಜ್ಜಯ್ಯಾ. ನೆಲಕ್ಕಿಟ್ಟಿದ್ದು ಕೆಳಗಿನವರಿಗೆ. ಭೂತಗಳು, ಪೀಡೆಗಳು, ಅಂಥವರಿಗೆ. ಒಮ್ಮೆ ಎತ್ತಿದ್ದನ್ನ ಮತ್ತೆ ಇಡೋ ಹಾಗಿಲ್ಲ. ಅವರ ಬಾಯಿಗೆ ಬಂದ ತುತ್ತು ಕಿತ್ಕೊಂಡನಲ್ಲ ಇವನು ಅಂತಾಳೆ.’

ಮುರಿಗೆಪ್ಪನ ಮುಖ ಕೆಂಪಾಯಿತು. ‘ಪೀಡೆಗಳಿಗೆ ಯಾಕೆ ಎಡೆ? ಓಡಿಸಬೇಕಪ್ಪ ಅವನ್ನ!’

ಕೊಟ್ರೇಶ ಅದನ್ನು ಅವಳ ಭಾಷೆಯಲ್ಲಿ ಕೇಳಿದ. ಮುದುಕಿಗೆ ನಗು ಬಂತು.

‘ಮೇಲಿನವರು ಹೊಟ್ಟೆ ತುಂಬಿದವರು, ತಡವಾದರೂ ಕಾಯ್ತಾರಂತೆ. ಕೆಳಗಿನವರು ಹಸಿದೇ ಕೆಟ್ಟವರಂತೆ. ಓಡಿಸಿದರೆ ಇನ್ನೂ ಹಸೀತಾರೆ, ಇನ್ನೂ ಕೆಡ್ತಾರೆ ಅಂತಾಳೆ.’

ಮುರಿಗೆಪ್ಪ ಅಜ್ಜಯ್ಯನ ಕಡೆ ನೋಡಿದ. ಅಜ್ಜಯ್ಯ ಮುದುಕಿಯ ಪಕ್ಕದಲ್ಲಿದ್ದ ಗರಿಯ ಕಟ್ಟು ನೋಡುತ್ತಿದ್ದರು.

‘ಏಳು ತೆಗೆದೆಯಲ್ಲ ಮರೀ, ಏಳು ಹೆಣಿ’ ಅಂದರು.

ಮುದುಕಿ ತೋರಿಸಿಕೊಟ್ಟಳು. ಎಳೆ ಗರಿ ಸೀಳಬೇಕು, ಮಡಿಚಬೇಕು, ಬಿದಿರಿನ ಕಡ್ಡಿ ಚುಚ್ಚಿ ಬಿಗಿಯಬೇಕು. ಅವಳ ಬೆರಳಿಗೆ ಚಿಟಿಕೆ ಹೊಡೆದಷ್ಟು ಸುಲಭ. ಮುರಿಗೆಪ್ಪನ ಮೊದಲ ತಟ್ಟೆ ಬಿಚ್ಚಿಕೊಂಡಿತು. ಎರಡನೆಯದು ಹರಿಯಿತು. ಕಡ್ಡಿ ಚುಚ್ಚಿ ಹೆಬ್ಬೆರಳಲ್ಲಿ ರಕ್ತ ಬಂತು. ಪಕ್ಕದ ಮನೆಯ ಹೆಂಗಸರು ಬಂದು ನೋಡಿ, ನಕ್ಕು ಹೋದರು.

ಏಳನೆಯದು ಮುಗಿಯುವಾಗ ಬಿಸಿಲು ನೆತ್ತಿಗೇರಿತ್ತು. ಏಳೂ ಸೊಟ್ಟ. ಸುಕರ್ತಿ ಅಷ್ಟಕ್ಕೂ ಅನ್ನ, ಹೂವು, ಉಪ್ಪು, ಶುಂಠಿ ಇಟ್ಟು ಅವನ ಕೈಗೇ ಕೊಟ್ಟಳು.

ನಿಂತು ಇಡೋಕೆ ಆಗಲಿಲ್ಲ. ಪ್ರತಿ ಹೊಸ್ತಿಲ ಮುಂದೆಯೂ ಮಂಡಿಯೂರಬೇಕಾಯಿತು. ಆರು ಮನೆ ಮುಗಿಸಿ ಸುಕರ್ತಿಯ ಹೊಸ್ತಿಲಿಗೆ ಬಂದು ಕೊನೆಯದನ್ನು ಇಟ್ಟ. ಊದುಬತ್ತಿ ಹಚ್ಚಿ ಕೈ ತೆಗೆಯುವಷ್ಟರಲ್ಲಿ ಬಡಕಲು ಕಂದು ನಾಯಿಯೊಂದು ಬಂದು ತಟ್ಟೆಗೆ ಬಾಯಿ ಹಾಕಿತು.

ಮುರಿಗೆಪ್ಪ ‘ಹಚಾ’ ಅನ್ನೋಕೆ ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಆವತ್ತು ಪಂಕ್ತಿಯಲ್ಲಿ ಅಣ್ಣನ ರಟ್ಟೆ ಹಿಡಿದ ಕೈ ಅದೇ.

ನಾಯಿ ತಿಂದು ಹೋಗುವವರೆಗೂ ಅವನು ಮೇಲೇಳಲಿಲ್ಲ.

‘ಅಜ್ಜಯ್ಯಾ’ ಅಂದ. ‘ಅವನು ಕುಡಿದಿದ್ದ.’

‘ಹೂಂ.’

‘ಪಂಕ್ತಿಯಲ್ಲಿ ನೂರಾರು ಜನ ಇದ್ರು.’

‘ಇದ್ರು.’

‘ನಂಗೆ ನಾಚಿಕೆ ಆಯ್ತು ಅಜ್ಜಯ್ಯಾ. ಪಂಕ್ತಿ ಕೆಡುತ್ತೆ ಅಂತಲ್ಲ. ಇವನು ನನ್ನ ಅಣ್ಣ ಅಂತ ಎಲ್ಲರಿಗೂ ಗೊತ್ತಾಗುತ್ತೆ ಅಂತ.’ ಅವನು ಅಳತೊಡಗಿದ. ‘ಆವತ್ತೇ ಎರಡು ಬೈದಿದ್ರೆ ಆಗ್ತಿರಲಿಲ್ವಾ? ಯಾಕೆ ಸುಮ್ಮನಿದ್ರಿ?’

ಅಜ್ಜಯ್ಯ ಹೊಸ್ತಿಲ ಮೇಲೆ ಅವನ ಪಕ್ಕದಲ್ಲೇ ಕೂತರು.

‘ಬೈಯೋಕೆ ಪುರುಸೊತ್ತು ಎಲ್ಲಿತ್ತೋ? ಹಿತ್ತಲ ಬಾಗಿಲಲ್ಲಿ ಅವನಿಗೆ ಬಡಿಸ್ತಾ ಇದ್ದೆ.’

ಮುರಿಗೆಪ್ಪ ತಲೆ ಎತ್ತಿದ. ‘ಉಂಡನಾ?’

‘ಉಂಡ.’

‘ನನ್ನ ಬಗ್ಗೆ... ಏನಾದ್ರೂ ಅಂದನಾ?’

‘ಅಂದ. ಮೊದಲನೇ ತುತ್ತು ಕೈಯಲ್ಲಿ ಹಿಡ್ಕೊಂಡು, ನನ್ನ ತಮ್ಮಂದು ಊಟ ಆಯ್ತಾ ಅಂತ ಕೇಳಿದ.’