ದಾರಕ್ಕೆ ಕಟ್ಟಿದ ಪೆನ್ಸಿಲ್

ತುಂಗಭದ್ರೆಯ ದಂಡೆಯ ಆ ಆಶ್ರಮದಲ್ಲಿ ಒಂದು ಔಷಧದ ಪುಸ್ತಕವಿತ್ತು. ಅದಕ್ಕೆ ದಾರ ಕಟ್ಟಿ ಒಂದು ಪೆನ್ಸಿಲ್ ಇಳಿಬಿಟ್ಟಿದ್ದರು. ಯಾವ ಶಿಷ್ಯನಿಗೆ ತಪ್ಪು ಕಂಡರೂ ಅಂಚಿನಲ್ಲಿ ತಿದ್ದಿ ತನ್ನ ಹೆಸರು ಬರೆಯಬೇಕು.

ಗುರು ಮರುಳಸಿದ್ಧಯ್ಯನವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರ ಬರಹದ ಮೇಲೂ ಮೂರು ಕಡೆ ಗೆರೆ ಬಿದ್ದಿತ್ತು. ಅದರ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ.

ಶಿಷ್ಯ ಹಾಲೇಶ ಆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿದ. ಕಂಪನಿಯೊಂದರ ಸಾಫ್ಟ್‌ವೇರನ್ನು ಭಕ್ತರೊಬ್ಬರು ಒಂದು ವರ್ಷದ ಮಟ್ಟಿಗೆ ಕೊಡಿಸಿದ್ದರು. ಅಕ್ಷರಗಳು ಮುತ್ತು ಪೋಣಿಸಿದ ಹಾಗೆ ಬಂದವು. ಊರೂರಿನ ನಲವತ್ತು ಶಿಷ್ಯರಿಗೆ ಪ್ರತಿ ಹೋಯಿತು.

ಒಂದು ಬೆಳಿಗ್ಗೆ ಹೊಳೆಯಾಚೆಯಿಂದ ಫೋನ್ ಬಂತು. ಆ ಪ್ರತಿ ನೋಡಿ ಕೊಟ್ಟ ಕೆಮ್ಮಿನ ಕಷಾಯಕ್ಕೆ ಕೂಸೊಂದು ವಾಂತಿ ಮಾಡಿಕೊಂಡು ಸುಸ್ತಾಗಿತ್ತು. ಅರ್ಧ ಚಮಚ ಎಂದಿರಬೇಕಾದಲ್ಲಿ ಹಾಲೇಶ ಕಂಪ್ಯೂಟರಿಗೆ ಏರಿಸುವಾಗ ಎರಡು ಚಮಚ ಎಂದು ಬರೆದಿದ್ದ. ಕೂಸು ಚೇತರಿಸಿಕೊಂಡಿದೆ ಅಂದರೂ ಅವನು ಕಂಪ್ಯೂಟರಿನತ್ತ ಓಡಿದ.

ತಿದ್ದಲು ಕೂತ. ಪುಟ ತೆರೆಯಿತು, ಒಂದಕ್ಷರವೂ ಅಲುಗಲಿಲ್ಲ. ಸಾಫ್ಟ್‌ವೇರಿನ ಒಂದು ವರ್ಷದ ಗಡುವು ಹಿಂದಿನ ದಿನವೇ ಮುಗಿದಿತ್ತು.

"ಭಕ್ತರು ಊರಾಗಿಲ್ಲ, ಅಜ್ಜಾರ. ನಾಕು ದಿನ ಬಿಟ್ಟು ಬರ್ತಾರ. ಈ ಸಲ ಐದು ವರ್ಷಕ್ಕ ಮಾಡಿಸಿಕೊಡ್ತಾರಂತ."

"ಬ್ಯಾರೆ ದಾರಿ ಇಲ್ಲೇನು?"

"ಐತ್ರಿ. ಯಾರ ಅಪ್ಪಣೆನೂ ಬೇಡದ ಮುಕ್ತ ಸಾಫ್ಟ್‌ವೇರ್. ಆದ್ರ ಅದರಾಗ ತೆರೆದ್ರ ಪುಟ ಎಲ್ಲ ಕಲಸುಮೇಲೋಗರ ಆಗ್ತಾವ. ಸರಿ ಮಾಡಾಕ ಮೂರು ತಿಂಗಳು ಬೇಕು."

ಅಜ್ಜಾರು ಸೊಪ್ಪು ಹೆಚ್ಚುವ ಚಾಕುವಿನಿಂದ ದಾರ ಕತ್ತರಿಸಿ ಪೆನ್ಸಿಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಪುಸ್ತಕವನ್ನು ಅವನ ತೊಡೆಯ ಮೇಲಿಟ್ಟರು.

"ಕೂಸುಗಳಿಗೆ ಹುಷಾರಾಗಿ ಕೊಡ್ರಿ ಅಂತ ಕಷಾಯದ ಬದಿಗೆ ಬರಿ."

"ಪೆನ್ಸಿಲ್ ಕೊಡ್ರಿ."

"ನಾಕು ದಿನ ಬಿಟ್ಟು ಕೊಡ್ತೀನಿ."

"ಅಷ್ಟರಾಗ ಇನ್ನೊಂದು ಕೂಸು ಕೆಮ್ಮಿದ್ರ..."

ಹಾಲೇಶ ಅಲ್ಲಿಗೇ ನಿಲ್ಲಿಸಿದ. ನಾಲ್ಕು ದಿನ ಕಾಯಲು ಹೊರಟವನು ತಾನೇ ಎಂಬುದು ಹೊಳೆಯಿತು.

ಅವತ್ತೇ ಮುಕ್ತ ಸಾಫ್ಟ್‌ವೇರ್ ಹಾಕಿಕೊಂಡ. ಚೆಲ್ಲಾಪಿಲ್ಲಿಯಾದ ಪುಟಗಳಲ್ಲಿ ಕಷಾಯದ ಸಾಲು ಹುಡುಕಿ ತಿದ್ದಿ, ಹೊತ್ತು ನೆತ್ತಿಗೇರುವ ಮೊದಲೇ ನಲವತ್ತೂ ಜನಕ್ಕೆ ಕಳಿಸಿದ. ಅವನು ಎದ್ದು ನೋಡಿದರೆ ಪೆನ್ಸಿಲ್ ಮತ್ತೆ ದಾರದಲ್ಲಿತ್ತು.

ಆಮೇಲೆ ಮೊದಲ ಪುಟದಿಂದ ಹಿಡಿದು ಒಂದೊಂದಾಗಿ ಸರಿಮಾಡುತ್ತ ಹೋದ. ಭಕ್ತರು ಬಂದು ಐದು ವರ್ಷದ ಮಾತೆತ್ತಿದಾಗ ಕೈಮುಗಿದು ಬೇಡವೆಂದ. ಮೂರು ತಿಂಗಳು ಎಂದದ್ದು ಐದಾಯಿತು. ಬೆನ್ನು ಸೋತಿತು, ಹಟ ಸೋಲಲಿಲ್ಲ.

ಮುಗಿದ ದಿನ ಅಜ್ಜಾರ ಮುಂದೆ ಬಂದು ಕೂತ. ಒಂದು ಅಳುಕು ಮಾತ್ರ ಉಳಿದಿತ್ತು.

"ಈಗ ಯಾರು ಬೇಕಾದ್ರೂ ತೆರೀಬಹುದು, ತಿದ್ದಬಹುದು. ಯಾರಾದ್ರೂ ತಪ್ಪು ಬರದ್ರ ಏನು ಮಾಡೂದ್ರಿ?"

ಅಜ್ಜಾರು ಪೆನ್ಸಿಲಿನ ಮೊನೆ ಹೆರೆಯುತ್ತಿದ್ದರು. ಮೊನೆಯನ್ನು ಬೆರಳಿಗೆ ಮುಟ್ಟಿಸಿ ನೋಡಿ, ಪುಸ್ತಕವನ್ನು ಅವನ ಕಡೆ ಸರಿಸಿದರು.

"ನೀನೂ ತಪ್ಪು ಬರದಿದ್ದಿ, ತಮ್ಮಾ. ಅವತ್ತು ತಿದ್ದಾಕ ಕೈ ಇತ್ತು, ಪೆನ್ಸಿಲ್ ಇರಲಿಲ್ಲ."