ಸಾಹೇಬರ ಕಚೇರಿ ಕೆಲಸ

ಪಿಂಚಣಿ ಕಚೇರಿಗೆ ಇಂಟರ್ನೆಟ್ ಲೈನು ಎರಡು. ವೇಗದ್ದು ಸಾಹೇಬರ ಕೋಣೆಗೆ, ತೆವಳುವುದು ಜನರ ಕೌಂಟರಿಗೆ. ಚೌಡಮ್ಮಜ್ಜಿ ಮೂರು ದಿನ ಹೆಬ್ಬೆಟ್ಟು ಒತ್ತಿ ಒತ್ತಿ, ಲೈನು ತೆವಳಿ ಗುರುತು ಸಿಗದೆ, ಪಿಂಚಣಿಯಿಲ್ಲದೆ ಹೋಗಿದ್ದಳು. ಆಪರೇಟರ್ ದಾಕ್ಷಾಯಿಣಿಗೆ ಮೈಯೆಲ್ಲ ಉರಿಯಿತು.

"ಸರ್, ಕೌಂಟರಿಗೂ ವೇಗದ ಲೈನು ಕೊಡಿ."

"ಅದು ಕಚೇರಿ ಕೆಲಸಕ್ಕೆ ಮಾತ್ರ ಕಣಮ್ಮ!"

"ಹಾಗೇ ಬರೆದುಕೊಡಿ, ಸರ್."

ಸಾಹೇಬರು ಗತ್ತಿನಿಂದ ಬರೆದುಕೊಟ್ಟರು.

ದಾಕ್ಷಾಯಿಣಿ ಎರಡೂ ಲೈನು ಸೇರುವ ಲಿನಕ್ಸ್ ಯಂತ್ರಕ್ಕೆ ಅದನ್ನೇ ನಿಯಮ ಮಾಡಿದಳು. ಅಂದರೆ, ಯಾರ ಕಂಪ್ಯೂಟರಿನಿಂದಲೇ ಬರಲಿ, ಪಿಂಚಣಿ ಕೆಲಸವೆಲ್ಲ ವೇಗದ ಲೈನಿಗೆ; ಉಳಿದದ್ದೆಲ್ಲ ತೆವಳುವುದಕ್ಕೆ.

ಅಜ್ಜಿಯ ಹೆಬ್ಬೆಟ್ಟು ಒಂದೇ ಸಲಕ್ಕೆ ಸರಿಹೋಯಿತು. ಅಷ್ಟರಲ್ಲಿ ಸಾಹೇಬರು ಹೊರಗೆ ಬಂದು ಕೂಗಿದರು: "ನನ್ನದು ನಿಂತೇ ಹೋಯ್ತಲ್ಲ!"

"ಯಾವ ಕಚೇರಿ ಕೆಲಸ ನಿಂತಿತು ಸರ್? ಹೇಳಿ, ಈಗಲೇ ವೇಗದ ಲೈನಿಗೆ ಹಾಕ್ತೀನಿ."

ಸಾಲಿನವರೆಲ್ಲ ಕೋಣೆಯೊಳಗೆ ಇಣುಕಿದರು. ಪರದೆಯ ಮೇಲೆ ಬೌಲರ್ ಎತ್ತಿದ ಕೈ ಎತ್ತಿದಂತೆಯೇ ನಿಂತಿದ್ದ. ಸಾಹೇಬರು ತಟ್ಟನೆ ಬಾಗಿಲು ಹಾಕಿಕೊಂಡರು.